ಸದ್ದಿನವನು

ಲೆಶೆಕ್ ಸಿನಿಮಾದವನು ಎಂದರೆ
ನಮ್ಮ ಟ್ರಾಮ್ ಡಿಪೋದ ಹುಡುಗಿಯರು ಕನ್ನಡಿ ನೋಡಿಕೊಳ್ಳುತ್ತಾರೆ.
ಇವನು ಪರದೆಯ ಮೇಲೆ ಬರುವವನಲ್ಲ.
ಪರದೆಯ ಮೇಲಿನವರು ನಡೆದರೆ
ಕತ್ತಲ ಕೋಣೆಯಲ್ಲಿ ಇವನ ಹಿಮ್ಮಡಿ ಸವೆಯುತ್ತದೆ.
ನಾಯಕಿಯ ಎತ್ತರದ ಚಪ್ಪಲಿಯ ಟಕ್ ಟಕ್ ಇವನದೇ,
ನಲವತ್ನಾಲ್ಕರ ಸೈಜು.
ಮುತ್ತು, ತನ್ನ ಮುಂಗೈಗೆ ತಾನೇ ಕೊಟ್ಟದ್ದು.
ಹಿಮಕ್ಕೆ ಆಲೂಗಡ್ಡೆ ಹಿಟ್ಟಿನ ಚೀಲ ಹಿಸುಕಬೇಕು, ಕರಕರ.
ಕಿಟಕಿಯಾಚೆ ವೂಚ್ ಊರಿಗೆ ಊರೇ
ಮೊಣಕಾಲುದ್ದ ಹಿಮದಲ್ಲಿ ಹೂತಿರುವಾಗ ಹಿಟ್ಟೇಕೋ ಎಂದೆ.
'ನಿಜದ ಹಿಮ ಮೈಕಿಗೆ ಸುಳ್ಳು ಹೇಳುತ್ತೆ, ಯಾಗೋದಾ.'

ಆ ಚಳಿಗಾಲ ಅವನ ಪಾಲಿಗೆ ಬಂದದ್ದು ಒಂದು ನಗೆಸಿನಿಮಾ.
ಒಂದು ರಾತ್ರಿಯ ಪರಿಚಯ, ಮರೆತ ಹೆಸರು,
ಆರು ವಾರಕ್ಕೆ ಬಂದು ಬಾಗಿಲು ಬಡಿಯುವ ನಾಯಕಿ.
ಬಡಿದವನೂ ಇವನೇ, ಹಳೇ ಬೀರುವಿನ ಮೇಲೆ, ಹದಿನಾಲ್ಕು ಸಲ.
ಸುದ್ದಿ ಕೇಳಿ ನಾಯಕನ ಕೈಯಿಂದ ಲೋಟ ಜಾರಬೇಕು.
ಇಪ್ಪತ್ತು ಲೋಟ ಒಡೆದ.
ಯಾವುದೂ ಸಾಕಷ್ಟು ಗಾಬರಿಯಿಂದ ಒಡೆಯಲಿಲ್ಲವಂತೆ.

ಅದೇ ವಾರ ನಾನು ಹೇಳಿದೆ,
ಕೊನೇ ನಿಲ್ದಾಣದಲ್ಲಿ, ಖಾಲಿ ಟ್ರಾಮಿನಲ್ಲಿ,
ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ.
ಅವನ ಕೈಯಲ್ಲಿ ಲೋಟ ಇರಲಿಲ್ಲ.
ಉಪ್ಪುನೀರ ಸೌತೆಕಾಯಿ ಇತ್ತು, ಅರ್ಧ ಕಚ್ಚಿದ್ದು.
ಅಗಿಯುವುದು ನಿಂತಿತು.
ಇಷ್ಟು ಸದ್ದಿನ ಮನುಷ್ಯನಿಂದ
ಅಷ್ಟೊಂದು ನಿಶ್ಶಬ್ದ ನಾನು ಕೇಳಿದ್ದೇ ಇಲ್ಲ.
ಕೊನೆಗೆ ಬಾಯಿಬಿಟ್ಟ: 'ಮುಂದಿನ ಟ್ರಾಮ್ ಎಷ್ಟಕ್ಕೆ?'
ಇದೇ. ಓಡಿಸುವವಳು ನಾನೇ. ಕೂತ್ಕೋ.

ಆಮೇಲೆ ಮೂರು ವಾರ ಪುಣ್ಯಾತ್ಮನಿಗೆ ಬಿಡುವೇ ಇಲ್ಲ.
ಪರದೆಯ ನಾಯಕ ಪರಾರಿಯಾಗುತ್ತಿದ್ದ,
ರೈಲು ಹಿಡಿದು, ಹಡಗು ಹಿಡಿದು.
ಆ ಬೂಟುಗಳ ದಡದಡವನ್ನೆಲ್ಲ
ಇವನು ನಿಂತಲ್ಲೇ ನಿಂತು ಓಡುತ್ತಿದ್ದ.
ನಮ್ಮಮ್ಮ ಅಂದಳು: ಓಡಿಹೋಗುವ ಗಂಡಸರನ್ನು ಕಂಡಿದ್ದೇನೆ,
ಚಾಪೆಯ ಮೇಲೆ ಓಡುವವನನ್ನು ಇವನೊಬ್ಬನನ್ನೇ.

ಮಗುವಿನ ಎದೆಬಡಿತಕ್ಕೆ
ಬಿಸಿನೀರ ಚೀಲದ ಮೇಲೆ ಒದ್ದೆ ಕೈಗವಸು.
ಲಬ್. ಡಬ್.
ನಿಧಾನ, ಗಂಭೀರ, ಇಗರ್ಜಿಯ ಗಡಿಯಾರ.
ನಿರ್ದೇಶಕಿ ಕಣ್ಣೊರೆಸಿಕೊಂಡಳಂತೆ.

ಕ್ಲಿನಿಕ್ಕಿಗೆ ಬಂದ. ಕೋಟು ಬಿಚ್ಚಲಿಲ್ಲ,
ಬಾಗಿಲ ಪಕ್ಕದ ಕುರ್ಚಿಯೇ ಬೇಕು.
ಡಾಕ್ಟರು ನನ್ನ ಹೊಟ್ಟೆಗೆ ತಣ್ಣನೆಯದೇನೋ ಬಳಿದು
ಗುಂಡಿ ತಿರುಗಿಸಿದರು.
ಧುಗುಧುಗುಧುಗುಧುಗು
ಯಾರೋ ನನ್ನ ಟ್ರಾಮಿನ ಹಿಂದೆ ಓಡಿ ಬರುತ್ತಿದ್ದರು,
'ನಿಲ್ಸಿ, ನಿಲ್ಸಿ' ಎನ್ನುತ್ತ, ಏದುಸಿರು ಬಿಡುತ್ತ.
ಲೆಶೆಕ್ ಎದ್ದು ನಿಂತ. 'ಇದು ಹೀಗಿರೋದಿಲ್ಲ.
ವೇಗ ಜಾಸ್ತಿ. ಯಾರೂ ನಂಬೋದಿಲ್ಲ.'
ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.
ಇನ್ನೊಮ್ಮೆ ಹಾಕಿ, ಎಂದ.
ಇನ್ನೊಮ್ಮೆ.
ಕೋಟು ಯಾವಾಗ ಬಿಚ್ಚಿದನೋ, ನಾನು ನೋಡಲಿಲ್ಲ.

ಸಿನಿಮಾದಲ್ಲಿ ಈಗಲೂ ಕೈಗವಸೇ ಇರುವುದು.
ನಿಜದ್ದನ್ನು ಕೇಳಿಸಿದಾಗ ನಿರ್ದೇಶಕಿ
'ಕುದುರೆ ಯಾಕೆ?' ಅಂದಳು.
ಥಿಯೇಟರಿಗೆ ಥಿಯೇಟರೇ ಮೂಗು ಸೀಟುವಾಗ
ಐದನೇ ಸಾಲಿನಲ್ಲಿ ಬಿದ್ದು ಬಿದ್ದು ನಕ್ಕು
ನಾವಿಬ್ಬರೂ ಬೈಸಿಕೊಂಡೆವು.

ಸೆಪ್ಟೆಂಬರಿನ ಒಂದು ಬೆಳಗಿನ ಜಾವ
ಅವಳು ಹೊರಗೆ ಬಂದಳು, ಅಳಲಿಲ್ಲ.
ಒಂದು. ಎರಡು.
ಇವನು ಸುತ್ತ ನೋಡಿದ: ಉಕ್ಕಿನ ಬೋಗುಣಿ,
ರಬ್ಬರ್ ಕೊಳವೆ, ನರ್ಸಿನ ಚಪ್ಪಲಿ.
ಯಾವುದನ್ನು ಹಿಸುಕಿದರೆ, ಯಾವುದನ್ನು ತಿಕ್ಕಿದರೆ
ಆ ಸದ್ದು ಬಂದೀತು,
ಬರಿಗೈ ಗಾಳಿಯಲ್ಲಿ ತಡಕುತ್ತಿತ್ತು.
ಮೂರು.
ಆಮೇಲೆ ಅವಳೇ ಶುರುಮಾಡಿದಳು.

ಈಗ ರಾತ್ರಿ ಎರಡಕ್ಕೆ ಎದ್ದು
ತೊಟ್ಟಿಲ ಪಕ್ಕ ಹಿಟ್ಟಿನ ಚೀಲ ಹಿಸುಕುತ್ತಾನೆ, ಕರಕರ, ಕರಕರ,
ಹಿಮದಲ್ಲಿ ಯಾರೋ ಮನೆಗೆ ಬರುತ್ತಿರುವ ಹೆಜ್ಜೆ.
ಎಷ್ಟು ಹೊತ್ತೋ ಮಾರಾಯ, ಇನ್ನೂ ಬಂದು ಮುಟ್ಟಲಿಲ್ಲವೇ, ಎನ್ನುತ್ತೇನೆ.
'ಷ್,' ಎನ್ನುತ್ತಾನೆ, 'ಟೇಕ್ ನಡೀತಿದೆ.'